ಬ್ಯಾಕಪ್ ತೆಗೆಯಲು ಡೇಟಾಬೇಸ್ ನಿಲ್ಲಿಸಲೇಬೇಕೆ? ಜಿಮ್ ಗ್ರೇ ತೋರಿದ ದಾರಿ

ಬೊಮ್ಮಸಂದ್ರಕ್ಕೆ ಬರುವ ಮೆಟ್ರೋ ಹಳದಿ ಮಾರ್ಗ ರಾತ್ರಿ ನಿಲ್ಲುತ್ತದೆ. ಹಳಿಗಳ ನಿರ್ವಹಣೆಗೆ ಆಗ ಬಿಡುವು. ಆದರೆ ರಾತ್ರಿ ಪಾಳಿಯ ಕಾರ್ಮಿಕರು ಎಟಿಎಂನಲ್ಲಿ ಹಣ ತೆಗೆಯುವಾಗ ಬ್ಯಾಂಕಿನ ಡೇಟಾಬೇಸ್ ಎಚ್ಚರವಾಗಿರಬೇಕು. ಹಾಗಾದರೆ ಅದರ ಬ್ಯಾಕಪ್ ಯಾವಾಗ? ಕೆಲಸ ನಿಲ್ಲಿಸದೆ ಸಾಧ್ಯವಿಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ತಪ್ಪು ಕಲ್ಪನೆ. ಏಕೆಂದು ತಿಳಿಯಲು ಜಿಮ್ ಗ್ರೇ ಅವರ ಬದುಕನ್ನು ನೋಡೋಣ.

ಗ್ರೇ ಹುಟ್ಟಿದ್ದು 1944ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1969ರಲ್ಲಿ ಬರ್ಕ್‌ಲಿಯಲ್ಲಿ ಪಿಎಚ್‌ಡಿ ಪಡೆದು, ಮುಂದೆ ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ದುಡಿದರು. ಅಲ್ಲಿ ಎದುರಾದ ಪ್ರಶ್ನೆ ಸರಳ. ಖಾತೆಯಲ್ಲಿ 5,000 ರೂಪಾಯಿ ಇದೆ. ಗಂಡ ಎಟಿಎಂನಲ್ಲಿ 4,000 ಕೇಳುತ್ತಾನೆ, ಹೆಂಡತಿ ಅದೇ ಕ್ಷಣ ಫೋನಿನಲ್ಲಿ 3,000 ಕಳಿಸುತ್ತಾಳೆ. ಎರಡೂ ಕಡೆ 5,000 ಎಂದೇ ಕಂಡರೆ ಲೆಕ್ಕ ಕೆಡುತ್ತದೆ. ಹಾಗಾಗಿ ಒಬ್ಬರ ವ್ಯವಹಾರ ಮುಗಿಯುವವರೆಗೆ ಖಾತೆಗೆ ಬೀಗ ಬೇಕು.

ಇಡೀ ಟೇಬಲ್‌ಗೆ ಬೀಗ ಹಾಕಿದರೆ ಎಲ್ಲ ಗ್ರಾಹಕರೂ ಕಾಯಬೇಕು. ಒಂದೊಂದು ಸಾಲಿಗೂ ಹಾಕಿದರೆ ಬೀಗಗಳ ಲೆಕ್ಕವೇ ಹೊರೆ. 1976ರಲ್ಲಿ ಗ್ರೇ ಮತ್ತು ಸಂಗಡಿಗರು ಎರಡನ್ನೂ ಹೊಂದಿಸಿದರು: ಕೋಣೆಗೆ ಬೀಗ ಹಾಕು, ಒಳಗೆ ಕೆಲಸ ನಡೆದಿದೆ ಎಂಬ ಫಲಕವನ್ನು ಹೆಬ್ಬಾಗಿಲಿಗೆ ತೂಗುಹಾಕು. ಇಡೀ ಮನೆ ಬೇಕಾದವರು ಪ್ರತಿ ಕೋಣೆ ಇಣುಕಬೇಕಿಲ್ಲ.

ಜೊತೆಗೆ, ಪ್ರತಿ ಬದಲಾವಣೆಯನ್ನೂ ಮೊದಲು ದಿನಚರಿಯಂಥ ಲಾಗ್‌ನಲ್ಲಿ ಬರೆಯುವ ಕ್ರಮವನ್ನು 1978ರ ತಮ್ಮ ಬರಹದಲ್ಲಿ ವಿವರಿಸಿದರು. ಚಾಲೂ ಬ್ಯಾಕಪ್‌ನ ಗುಟ್ಟು ಇದೇ. ನಕಲು ಮಾಡಲು ಒಂದು ಗಂಟೆ ಹಿಡಿದರೆ ಮೊದಲ ಭಾಗ ಹಳತು, ಕೊನೆಯದು ಹೊಸತು. ಆ ಗಂಟೆಯ ಲಾಗ್ ಸೇರಿಸಿದರೆ ಎಲ್ಲವೂ ಒಂದೇ ಕ್ಷಣಕ್ಕೆ ಬಂದು ನಿಲ್ಲುತ್ತವೆ.

ಇಂದಿನ ಡೇಟಾಬೇಸ್‌ಗಳ ವ್ಯತ್ಯಾಸ ಇಲ್ಲಿದೆ. ಒರಾಕಲ್, ಪೋಸ್ಟ್‌ಗ್ರೆಸ್ ಹಳೆಯ ಪ್ರತಿಯನ್ನು ತೋರಿಸುವುದರಿಂದ ಸಾಮಾನ್ಯವಾಗಿ ಓದುವವರು ಬರೆಯುವವರಿಗಾಗಿ ಕಾಯುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಕಾಯಬೇಕಾಗಬಹುದು. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಇಡೀ ಟೇಬಲ್ಲಿಗೆ ಬೀಗ ಹಾಕುತ್ತಿತ್ತು. ಇನ್ನೋಡಿಬಿ ಸಾಲಿಗೆ ಹಾಕುತ್ತದೆ. ಸರಿಯಾಗಿ ಹೊಂದಿಸಿದರೆ ಒರಾಕಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಇನ್ನೋಡಿಬಿ ನಾಲ್ಕಕ್ಕೂ ಕೆಲಸದ ನಡುವೆಯೇ ಬ್ಯಾಕಪ್ ಸಾಧ್ಯ. ಮೈಐಸ್ಯಾಮ್‌ನಲ್ಲಿ ಮಾತ್ರ ನಕಲು ಮುಗಿಯುವವರೆಗೆ ಬರೆಯುವವರನ್ನು ತಡೆಯಬೇಕಾಗುತ್ತಿತ್ತು. ನಿಲ್ಲಿಸಲೇಬೇಕು ಎಂಬ ನಂಬಿಕೆ ಉಳಿದದ್ದಕ್ಕೆ ಇಂಥ ಅನುಭವವೂ ಕಾರಣವಿರಬಹುದು.

1980ರಲ್ಲಿ ಗ್ರೇ ಟ್ಯಾಂಡೆಮ್ ಕಂಪನಿ ಸೇರಿದರು. ಕಂಪ್ಯೂಟರ್ ನಿಲ್ಲಲು ಯಂತ್ರದ ದೋಷಕ್ಕಿಂತ ನಿರ್ವಹಣೆಯ ಮತ್ತು ಸಾಫ್ಟ್‌ವೇರ್ ತಪ್ಪುಗಳೇ ಹೆಚ್ಚು ಕಾರಣ ಎಂದು 1985ರಲ್ಲಿ ತೋರಿಸಿದರು. 1995ರಲ್ಲಿ ಮೈಕ್ರೋಸಾಫ್ಟ್‌ಗೆ ಹೋದರು. 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

2007ರ ಜನವರಿ 28ರಂದು ತಾಯಿಯ ಚಿತಾಭಸ್ಮ ವಿಸರ್ಜಿಸಲು ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದವರು ಮರಳಲಿಲ್ಲ. ಸಾವಿರಾರು ಜನ ಉಪಗ್ರಹ ಚಿತ್ರಗಳಲ್ಲಿ ಹುಡುಕಿದರೂ ದೋಣಿಯ ಸುಳಿವು ಸಿಗಲಿಲ್ಲ. 2012ರಲ್ಲಿ ನ್ಯಾಯಾಲಯ ಅವರು ತೀರಿಕೊಂಡಿದ್ದಾರೆಂದು ಘೋಷಿಸಿತು.

ನಾವು ನೆನಪಿಡಬೇಕಾದದ್ದು ಇಷ್ಟು: ಬ್ಯಾಕಪ್‌ಗಾಗಿ ಕೆಲಸ ನಿಲ್ಲಿಸಬೇಕಿಲ್ಲ, ಆದರೆ ತೆಗೆದ ಬ್ಯಾಕಪ್ ಮರಳಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಲೇಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.