ಬಡವರ ಬಿಷಪರು: ಆಲ್ವಾರಿಸ್ ಮಾರ್ ಜೂಲಿಯಸರ ಚರಿತ್ರೆ



ಮೊದಲ ಬೆಳೆಯ ಕೊಯ್ಲು ಮುಗಿದು, ಸುಗ್ಗಿಯ ಬೆಳೆಗಾಗಿ ಗದ್ದೆಗಳನ್ನು ಹೂಡುವ ಈ ಚಳಿಯ ದಿವಸಗಳಲ್ಲಿ ನಮ್ಮ ಸಭೆಗಳು ಕ್ರಿಸ್ಮಸ್ ಹಬ್ಬಕ್ಕೆ ಸಿದ್ಧವಾಗುತ್ತಿರುವವು. ಯೌವನಸ್ಥರು ದೀಪ ಹಿಡಿದು ಮನೆಮನೆಗೆ ಹೋಗಿ ಕೀರ್ತನೆಗಳನ್ನು ಹಾಡುವರು. ತಾಯಂದಿರು ಅಕ್ಕಿಯನ್ನು ನೆನೆಯಿಟ್ಟು, ತೆಂಗಿನಕಾಯಿ ತುರಿದು, ಎಣ್ಣೆಯ ಬಾಣಲೆಯ ಮುಂದೆ ರಾತ್ರಿಯವರೆಗೂ ಕುಳಿತು ಹಬ್ಬದ ತಿಂಡಿಗಳನ್ನು ಮಾಡಿ ನೆರೆಹೊರೆಗೆ ಕಳುಹಿಸುವರು. ಬಡವರ ನಿಮಿತ್ತವಾಗಿ ಕಾಣಿಕೆಯನ್ನೂ ಎತ್ತುವದುಂಟು. ಇವೆಲ್ಲವೂ ಒಳ್ಳೆಯವೇ. ಆದರೂ ಹಬ್ಬವು ಮುಗಿದು ತೋರಣವು ಒಣಗಿದ ಮೇಲೆ, ನಾವು ಕೊಟ್ಟದ್ದು ಎಂಥ ದಾನವಾಗಿತ್ತು, ಯಾರಿಗೆ ಮುಟ್ಟಿತು ಎಂಬದನ್ನು ವಿಚಾರಿಸುವವರು ಸ್ವಲ್ಪ ಜನ. ಆದಕಾರಣ ಈ ಸಾರಿ ನಮ್ಮ ಸೀಮೆಯ ಬ್ರಹ್ಮಾವರದೊಂದಿಗೆ ಸಂಬಂಧವಿದ್ದ ಒಬ್ಬ ದೇವಸೇವಕರ ಚರಿತ್ರೆಯನ್ನು ನಿಮ್ಮ ಮುಂದಿಡುತ್ತೇನೆ. ಅವರು ನಮ್ಮ ಸಭೆಯವರಲ್ಲ. ಅವರ ಆರಾಧನಾಕ್ರಮವೂ ಕೆಲವು ಉಪದೇಶಗಳೂ ನಮ್ಮವುಗಳಿಂದ ಬೇರೆ. ಆದರೆ ಮರವನ್ನು ಅದರ ಹಣ್ಣಿನಿಂದ ತಿಳಿಯಬೇಕೆಂದು ಕರ್ತನೇ ನಮಗೆ ಕಲಿಸಿರುವನಲ್ಲವೇ?

ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸರು 1836ನೇ ಇಸವಿ ಏಪ್ರಿಲ್ 29ರಂದು ಗೋವೆಯ ವೆರ್ಣಾ ಎಂಬ ಊರಲ್ಲಿ ಹುಟ್ಟಿದರು. ಆಗ ಗೋವೆಯು ಪೋರ್ತುಗೀಸರ ಕೈಯಲ್ಲಿತ್ತು. ಮನೆಯವರು ರೋಮನ್ ಕಥೋಲಿಕ ಸಭೆಯವರಾಗಿದ್ದರು. ಇವರೂ ಆ ಸಭೆಯಲ್ಲಿಯೇ ವಿದ್ಯೆಯನ್ನು ಕಲಿತು ಪಾದ್ರಿಗಳಾದರು. ಬುದ್ಧಿಯು ಚುರುಕು, ಲೇಖನಿಯು ಹರಿತ; ಅನ್ಯಾಯವನ್ನು ಕಂಡರೆ ಸುಮ್ಮನಿರುವ ಸ್ವಭಾವವು ಅವರದಲ್ಲ. ಅವರು ಒಂದರ ಹಿಂದೆ ಒಂದಾಗಿ ಹಲವು ಪತ್ರಿಕೆಗಳನ್ನು ಹೊರಡಿಸಿ, ಸಭೆಯಲ್ಲಿಯೂ ಸರಕಾರದಲ್ಲಿಯೂ ತಮಗೆ ತಪ್ಪೆಂದು ಕಂಡದ್ದನ್ನು ಬಯಲಾಗಿ ಬರೆದರು. ಇದರಿಂದ ಎರಡು ಕಡೆಯ ಅಧಿಕಾರಿಗಳೂ ಅವರ ಮೇಲೆ ಮುನಿದುಕೊಂಡರು.

ಆದರೆ ಲೇಖನಿಯೊಂದೇ ಅವರ ಕೈಯಲ್ಲಿರಲಿಲ್ಲ. 1871ನೇ ಇಸವಿಯಲ್ಲಿಯೇ ಅವರು ಪಣಜಿ ಪಟ್ಟಣದಲ್ಲಿ ಬಡವರ ಸಹಾಯಕ್ಕೆ ಒಂದು ಧರ್ಮಸಂಘವನ್ನು ಸ್ಥಾಪಿಸಿದರು. ಬೀದಿಯಲ್ಲಿ ಅಲೆಯುವ ಭಿಕ್ಷುಕರಿಂದಲೇ ಆ ಕೆಲಸವು ಮೊದಲಾಯಿತು. ಇದನ್ನು ಮನಸ್ಸಿನಲ್ಲಿಡಿರಿ. ಬಿಷಪ್ ಪದವಿಯು ದೊರಕುವದಕ್ಕೆ ಎಷ್ಟೋ ವರುಷ ಮೊದಲೇ ಬಡವರು ಅವರಿಗೆ ದೊರಕಿದ್ದರು. ಆ ಪದವಿಯ ಗೌರವವು ಜನರ ಕಣ್ಣಿನಲ್ಲಿ ಇಳಿದುಹೋದ ಮೇಲೆಯೂ ಬಡವರು ಅವರನ್ನು ಬಿಡಲಿಲ್ಲ.

ಇನ್ನು ಅವರಿಗೂ ಬ್ರಹ್ಮಾವರಕ್ಕೂ ಹೇಗೆ ಸಂಬಂಧವಾಯಿತೆಂಬದನ್ನು ಹೇಳಬೇಕು. ಪೂರ್ವಕಾಲದಿಂದ ಪೋರ್ತುಗಲ್ ದೇಶದ ಅರಸರಿಗೆ ಹಿಂದುದೇಶದ ಅನೇಕ ರೋಮನ್ ಸಭೆಗಳ ಮೇಲೆ ಪೋಷಕಾಧಿಕಾರವಿತ್ತು. ಅದನ್ನು ಪಾದ್ರೊವಾದೊ ಎನ್ನುತ್ತಿದ್ದರು. ರೋಮಾಪುರದ ಪೋಪರು ತಾವೇ ನೇಮಿಸಿದ ಮಿಶನರಿಗಳು ಇನ್ನೊಂದು ಪಕ್ಷವಾಗಿದ್ದರು. 1886ನೇ ಇಸವಿಯಲ್ಲಿ ಪೋಪರಿಗೂ ಪೋರ್ತುಗಲ್ ಸರಕಾರಕ್ಕೂ ಒಡಂಬಡಿಕೆಯಾಗಿ, ಅನೇಕ ಸಭೆಗಳು ಗೋವೆಯ ಕೈಬಿಟ್ಟು ಮತ್ತೊಂದು ಪಕ್ಷಕ್ಕೆ ಸೇರಬೇಕಾಯಿತು. ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಇದರಿಂದ ಕಲಹವುಂಟಾಯಿತು. ತಲೆತಲಾಂತರದಿಂದ ಗೋವೆಯ ಕಡೆಗೆ ನೋಡುತ್ತಿದ್ದ ಕೊಂಕಣಿ ಮಾತಿನ ಕ್ರೈಸ್ತ ಒಕ್ಕಲಿಗರಿಗೆ, ತಮ್ಮನ್ನು ಕೇಳದೆ ತಮ್ಮನ್ನು ಕೈದಾಟಿಸಿದರೆಂಬ ದುಃಖವಿತ್ತು.

ಆಲ್ವಾರಿಸರು ಅಂಥವರ ಪಕ್ಷವನ್ನು ಹಿಡಿದು ಬರೆದರು, ಅರ್ಜಿಗಳನ್ನು ಕಳುಹಿಸಿದರು, ಪ್ರಯೋಜನವಾಗಲಿಲ್ಲ. ಕಡೆಗೆ ಅವರು ರೋಮನ್ ಸಭೆಯನ್ನು ಬಿಟ್ಟು, ಅಪೊಸ್ತಲನಾದ ತೋಮನಿಂದ ಸ್ಥಾಪಿತವಾಯಿತೆಂದು ಹೇಳಿಕೊಳ್ಳುವ ಮಲಂಕರದ ಸುರಿಯಾನಿ ಸಭೆಯನ್ನು ಸೇರಿದರು. 1889ನೇ ಇಸವಿ ಜುಲೈ 29ರಂದು ಕೋಟ್ಟಯಂ ಪಟ್ಟಣದ ಹಳೇ ಸೆಮಿನರಿಯಲ್ಲಿ ಆ ಸಭೆಯ ಬಿಷಪರುಗಳು ಅವರ ಮೇಲೆ ಹಸ್ತವಿಟ್ಟು, ಮಾರ್ ಜೂಲಿಯಸ್ ಎಂಬ ಹೆಸರನ್ನು ಕೊಟ್ಟು, ಗೋವೆಗೂ ಸಿಂಹಳದ್ವೀಪಕ್ಕೂ ಮಲಬಾರಿನ ಹೊರಗಿನ ಸೀಮೆಗಳಿಗೂ ಅವರನ್ನು ಬಿಷಪರನ್ನಾಗಿ ನೇಮಿಸಿದರು. ಬ್ರಹ್ಮಾವರದ ಮತ್ತು ಸುತ್ತಲಿನ ಅನೇಕ ಕುಟುಂಬಗಳು ಅವರ ಆಶ್ರಯವನ್ನು ಸೇರಿದವು. ಅವರ ಜೊತೆಗೆಲಸದವರಾದ ರೋಕ್ ಜೆಫ್ರಿನ್ ನೊರೊನ್ಹ ಪಾದ್ರಿಗಳು ಬ್ರಹ್ಮಾವರದಲ್ಲಿಯೇ ನೆಲೆನಿಂತು, 1936ನೇ ಇಸವಿಯಲ್ಲಿ ಮರಣವನ್ನು ಹೊಂದುವವರೆಗೆ ಆ ಹಿಂಡನ್ನು ಕಾಯ್ದರು. ಸಂತ ಮರಿಯಳ ಹೆಸರಿನ ಆ ದೇವಾಲಯವೂ ಅದರ ವಿದ್ಯಾಲಯಗಳೂ ಈಗಲೂ ಬ್ರಹ್ಮಾವರದಲ್ಲಿ ಇವೆ. ಕೊಂಕಣಿ ಭಾಷೆಯಲ್ಲಿ ಸುರಿಯಾನಿ ಕ್ರಮದಿಂದ ನಡೆಯುವ ಆರಾಧನೆಯು ಆ ಸಭೆಯ ವಿಶೇಷವು.

ಹೊಸ ದಾರಿಯನ್ನು ಹಿಡಿದವರಿಗೆ ಏನು ಬೆಲೆ ತಗಲುವದೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಸುವಾರ್ತೆಯನ್ನು ಅಂಗೀಕರಿಸಿದ ದಿವಸದಿಂದ ಬಾವಿಯ ನೀರು ತಪ್ಪಿತು, ಗೇಣಿಯ ಗದ್ದೆ ತಪ್ಪಿತು, ಅಣ್ಣತಮ್ಮಂದಿರ ಮನೆಯ ಬಾಗಲು ಮುಚ್ಚಿತು. ಆಲ್ವಾರಿಸರಿಗೂ ಹಾಗೆಯೇ ಆಯಿತು. ಗೋವೆಯ ಆರ್ಚ್‌ಬಿಷಪರು ಅವರನ್ನು ಸಭೆಯಿಂದ ಬಹಿಷ್ಕರಿಸಿದರು. ಬಿಷಪರ ನಿಲುವಂಗಿಯನ್ನು ಧರಿಸಿದ್ದಕ್ಕಾಗಿ ಪೋರ್ತುಗೀಸ್ ಸರಕಾರದವರು ಅವರನ್ನು ಹಿಡಿದು, ಆ ಬಟ್ಟೆಗಳನ್ನು ಮೈಯಿಂದ ಕಳಚಿಸಿ, ಅವಮಾನಪಡಿಸಿ ಸೆರೆಯಲ್ಲಿ ಹಾಕಿದರು. ನ್ಯಾಯಸ್ಥಾನವು ಅವರನ್ನು ನಿರಪರಾಧಿಯೆಂದು ಬಿಟ್ಟಿತು; ಆದರೂ ಅನೇಕ ಸ್ನೇಹಿತರು ದೂರವಾದರು, ಕೈಯಲ್ಲಿ ಹಣವಿರಲಿಲ್ಲ. ಇಂಥ ಸ್ಥಿತಿಯಲ್ಲಿ ಮನುಷ್ಯನು ಕಹಿಯಾಗುವದು ಸಹಜ. ನನ್ನನ್ನು ಹೊರಗೆ ಹಾಕಿದ ಊರಿಗೆ ನಾನೇಕೆ ಉಪಕಾರಮಾಡಲಿ ಎಂಬ ಯೋಚನೆಯು ಯಾರಿಗೆ ತಾನೇ ಹುಟ್ಟದು?

ಇಲ್ಲಿಯೇ, ಸಹೋದರ ಸಹೋದರಿಯರೇ, ಈ ಚರಿತ್ರೆಯ ಸಾರವಿರುವದು. ತಮ್ಮನ್ನು ಹೊರಗೆ ಹಾಕಿದ ಆ ಪಣಜಿಯಲ್ಲಿಯೇ ಅವರು ತಮ್ಮ ಮನೆಯ ಬಾಗಲನ್ನು ತೆರೆದರು. ದಿಕ್ಕಿಲ್ಲದ ಮುದುಕರು, ಕುಷ್ಠರೋಗಿಗಳು, ಕ್ಷಯರೋಗದಿಂದ ಕೆಮ್ಮುವವರು, ಇವರೇ ಆ ಮನೆಯ ಒಕ್ಕಲು. ಒಳಗೆ ಬರುವವನು ರೋಮನ್ ಸಭೆಯವನೋ ಸುರಿಯಾನಿಯವನೋ ಹಿಂದುವೋ ಎಂದು ಹೊಸ್ತಿಲಲ್ಲಿ ಪರೀಕ್ಷಿಸಲಿಲ್ಲ. ಕಾಲರಾ ರೋಗವು ಹರಡುತ್ತಿದ್ದ ಆ ಕಾಲದಲ್ಲಿ, ಅದರ ಉಪಚಾರವನ್ನು ತಿಳಿಸುವ ಚಿಕ್ಕ ಪುಸ್ತಕವನ್ನು ಬರೆದು ಅಚ್ಚು ಹಾಕಿಸಿದರು. ಆಹಾರದ ಕೊರತೆಯನ್ನು ಕಂಡು, ಸ್ವಲ್ಪ ಖರ್ಚಿನಲ್ಲಿ ಹೊಟ್ಟೆಯನ್ನು ತುಂಬಿಸುವ ಮರಗೆಣಸನ್ನು ಬೆಳೆಸಿರೆಂದು ಜನರಿಗೆ ಬೋಧಿಸಿ, ಅದರ ಕೃಷಿಯ ಕುರಿತು ಸಹ ಒಂದು ಪುಸ್ತಕವನ್ನು ಪ್ರಕಟಿಸಿದರು. ಒಬ್ಬ ಬಿಷಪರು ಮರಗೆಣಸಿನ ಮೇಲೆ ಪುಸ್ತಕವನ್ನು ಬರೆಯುವದೆಂದರೆ ಕೆಲವರು ನಕ್ಕಾರು, ಹಸಿದವನು ನಗಲಾರನು. ಇಂದಿನ ಊಟವನ್ನು ಕೊಡುವದು ಒಂದು ದಾನ. ನಾಳೆಯ ಊಟವನ್ನು ತಾನೇ ಬೆಳೆಸಿಕೊಳ್ಳುವ ದಾರಿಯನ್ನು ತೋರಿಸುವದು ಇನ್ನೂ ಹೆಚ್ಚಿನ ದಾನ.

ಇಷ್ಟು ಜನರ ಊಟಕ್ಕೂ ಔಷಧಕ್ಕೂ ಹಣವೆಲ್ಲಿಂದ? ಅವರಿಗೆ ಆದಾಯವಿರಲಿಲ್ಲ. ಆದಕಾರಣ ಬಿಷಪರಾದ ಅವರು ಪಾತ್ರೆಯನ್ನು ಕೈಯಲ್ಲಿ ಹಿಡಿದು ಪಣಜಿಯ ಅಂಗಡಿ ಅಂಗಡಿಗೆ ಹೋಗಿ ಬಡವರಿಗಾಗಿ ಬೇಡಿದರು. ಆ ದಿವಸಗಳ ಒಂದು ಸಂಗತಿಯನ್ನು ಅವರ ಚರಿತ್ರೆಯನ್ನು ಹೇಳುವವರೆಲ್ಲರೂ ಹೇಳುವರು. ಒಂದು ದಿನ ಒಬ್ಬ ಅಂಗಡಿಯವನು ಕಾಸನ್ನು ಹಾಕುವದಕ್ಕೆ ಬದಲಾಗಿ ಆ ಪಾತ್ರೆಯಲ್ಲಿ ಉಗುಳಿದನಂತೆ. ಮುದುಕರಾದ ಬಿಷಪರು ಸಿಟ್ಟುಗೊಳ್ಳಲಿಲ್ಲ. ಇದು ತನ್ನ ಪಾಲಿಗೆ ಬಂತು, ಇರಲಿ. ಇನ್ನು ಬಡವರ ಪಾಲಿಗೆ ಏನಾದರೂ ಕೊಡಬೇಕೆಂದು ಶಾಂತರಾಗಿ ಬೇಡಿಕೊಂಡರು. ಅಂಗಡಿಯವನು ನಾಚಿ, ಕೈತುಂಬ ಕೊಟ್ಟನು.

ಕಾಣಿಕೆಯ ಚೀಲವನ್ನು ಹಿಡಿದು ಮನೆಮನೆಗೆ ಹೋಗುವ ಉಪದೇಶಿಗೆ ಈ ಸಂಗತಿಯ ಅರ್ಥವು ಚೆನ್ನಾಗಿ ತಿಳಿಯುವದು. ಕೊಡುವದು ಕಷ್ಟವೆಂದು ಎಲ್ಲರೂ ಬಲ್ಲರು; ಮತ್ತೊಬ್ಬನಿಗಾಗಿ ಬೇಡುವದು ಅದಕ್ಕಿಂತಲೂ ಕಷ್ಟ. ಕೊಡುವವನಿಗೆ ಹೆಸರು ಬರುವದು. ಬೇಡುವವನಿಗೆ ಉಗುಳು ಬರುವದು. ತನ್ನ ಹಣವನ್ನು ಕೊಟ್ಟವರು ಬಹು ಮಂದಿ. ತನ್ನ ಮಾನವನ್ನೂ ಬಡವರ ಪಾತ್ರೆಯಲ್ಲಿ ಹಾಕಿದವರು ವಿರಳ. ಐಶ್ವರ್ಯವುಳ್ಳವನಾಗಿದ್ದರೂ ನಮಗೋಸ್ಕರ ಬಡವನಾಗಿ ಗೋದಲಿಯಲ್ಲಿ ಮಲಗಿದ ಕರ್ತನ ಹಬ್ಬವನ್ನು ಆಚರಿಸುವ ನಾವು ಇದನ್ನು ಆಲೋಚಿಸಬೇಕು.

1923ನೇ ಇಸವಿಯಲ್ಲಿ, ಎಂಭತ್ತೇಳು ವರುಷದ ವೃದ್ಧರಾಗಿದ್ದ ಆಲ್ವಾರಿಸರು ಆಮಶಂಕೆಯಿಂದ ಅಸ್ವಸ್ಥರಾಗಿ, ಪಣಜಿಗೆ ಸಮೀಪವಾದ ರಿಬಂದರಿನ ಆಸ್ಪತ್ರೆಯನ್ನು ಸೇರಿದರು. ಅಲ್ಲಿಗೆ ರೋಮನ್ ಸಭೆಯ ಪಾದ್ರಿಗಳು ಬಂದು, ಹಿಂದಿನ ಸಭೆಗೆ ತಿರುಗಿಕೊಳ್ಳಬೇಕೆಂದು ಒತ್ತಾಯಪಡಿಸಿದರು. ಒಪ್ಪಿದ್ದರೆ ಗೌರವದ ಸಮಾಧಿಯು ದೊರೆಯುತ್ತಿತ್ತು. ಒಪ್ಪದಿದ್ದರೆ ಹೂಣಿಡುವಾಗ ಪ್ರಾರ್ಥಿಸುವದಕ್ಕೆ ತಮ್ಮ ಸಭೆಯ ಪಾದ್ರಿಯೊಬ್ಬರೂ ಅಲ್ಲಿರಲಿಲ್ಲ. ತಾನು ಸತ್ತರೆ ಮಣ್ಣುಹಾಕುವವರು ಯಾರೆಂಬ ಭಯವು ಎಂಥ ಭಯವೆಂದು ನಮ್ಮ ಹಳ್ಳಿಗಳ ಮೊದಲನೆಯ ಕ್ರೈಸ್ತರು ಬಲ್ಲವರಾಗಿದ್ದರು. ಆಲ್ವಾರಿಸರು ಆ ಭಯಕ್ಕೆ ತಮ್ಮ ಮನಸ್ಸಾಕ್ಷಿಯನ್ನು ಮಾರಲಿಲ್ಲ. ಸೆಪ್ಟಂಬರ್ 23ರಂದು ಪ್ರಾಣವನ್ನು ಬಿಟ್ಟರು.

ಆದರೆ ನೋಡಿರಿ, ಸಭೆಯ ಕ್ರಮವು ದೊರೆಯದ ಆ ಶವಕ್ಕೆ ಜನರು ದೊರೆತರು. ಪಟ್ಟಣದ ಗಣ್ಯರು ಕೂಡಿ, ಶವವನ್ನು ಪುರಸಭೆಯ ಮಂದಿರದಲ್ಲಿರಿಸಿ, ಎಲ್ಲರಿಗೂ ಕಡೆಯ ದರ್ಶನಕ್ಕೆ ಅವಕಾಶಕೊಟ್ಟರು. ಬಡವರೂ ಕುಂಟರೂ ಭಿಕ್ಷುಕರೂ ಗುಂಪುಗುಂಪಾಗಿ ಬಂದರು. ಸಂತ ಇನೆಸಳ ಹೆಸರಿನ ಸ್ಮಶಾನದ ಒಂದು ಮೂಲೆಯಲ್ಲಿ ಅವರನ್ನು ಹೂಣಿಟ್ಟರು. ಸ್ನೇಹಿತರು ತರುವಾಯ ಅಲ್ಲಿ ಶಿಲುಬೆಯುಳ್ಳ ಒಂದು ಕಲ್ಲನ್ನು ನಿಲ್ಲಿಸಿದರು. 1979ನೇ ಇಸವಿಯಲ್ಲಿ ಅವರ ಎಲುಬುಗಳನ್ನು ರಿಬಂದರಿನ ಓರ್ತೊದೊಕ್ಸ್ ದೇವಾಲಯಕ್ಕೆ ಸಾಗಿಸಲಾಯಿತು. 2010ನೇ ಇಸವಿಯಲ್ಲಿ ಬ್ರಹ್ಮಾವರವೇ ಆ ಸಭೆಯ ಒಂದು ಬಿಷಪ್ ಪ್ರಾಂತದ ಕೇಂದ್ರವಾಯಿತು.

ಪ್ರಿಯರೇ, ಸುರಿಯಾನಿ ಕ್ರಮದ ಸಭೆಗಳಲ್ಲಿ ಕ್ರಿಸ್ಮಸ್ ಆರಾಧನೆಯ ಸಮಯದಲ್ಲಿ ಶಿಲುಬೆಯ ಆಕಾರದ ಗುಂಡಿಯಲ್ಲಿ ಬೆಂಕಿಯನ್ನು ಹೊತ್ತಿಸಿ ಅದರ ಸುತ್ತಲೂ ನಿಲ್ಲುವ ಪದ್ಧತಿಯುಂಟು. ಬೇತ್ಲೆಹೇಮಿನ ಹೊಲದಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಕುರುಬರ ನೆನಪು ಅದು. ನಮ್ಮಲ್ಲಿ ಆ ಕ್ರಮವಿಲ್ಲ. ಇರಬೇಕೆಂದು ನಾನು ಹೇಳುವದಿಲ್ಲ. ಆದರೆ ಪ್ರತಿಯೊಂದು ಸಭೆಯ ಹಬ್ಬವೂ ಒಂದು ಬೆಂಕಿಯಂತಿರುವದು. ಸುತ್ತ ನಿಂತವರಿಗೆ ಬೆಚ್ಚಗಿರುವದು. ಅವರ ಬೆನ್ನ ಹಿಂದೆ ನಿಂತವನಿಗೆ ಚಳಿಯೇ. ಆಲ್ವಾರಿಸರು ಬೆನ್ನ ಹಿಂದೆ ನಿಂತವನನ್ನು ಕಂಡರು.

ಈ ಹಬ್ಬದಲ್ಲಿ ನಾವು ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ತೆಗೆದಿಡುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಆ ಗಡಿಗೆಯು ಡಿಸೆಂಬರ್ ಮುಗಿದ ಮೇಲೆ ಬರಿದಾಗಿ ಬೋರಲು ಬೀಳದಿರಲಿ. ತಿಂಡಿಯ ತಟ್ಟೆಯು, ನಮಗೆ ತಿರುಗಿ ತಟ್ಟೆಯನ್ನು ಕಳುಹಿಸಬಲ್ಲ ಮನೆಗೆ ಮಾತ್ರವೇ ಹೋಗದೆ, ಕಳುಹಿಸಲಾರದ ಒಂದು ಮನೆಗೂ ಹೋಗಲಿ. ಕೀರ್ತನೆಯವರು ಎತ್ತಿದ ಹಣದಲ್ಲಿ ಒಂದು ಪಾಲು ನಮ್ಮ ಸಭೆಯ ಪಟ್ಟಿಯಲ್ಲಿ ಹೆಸರಿಲ್ಲದ ರೋಗಿಗೆ ಮುಟ್ಟಲಿ. ನಮ್ಮ ಹಿರಿಯರನ್ನು ಹೊರಗೆ ಹಾಕಿದ ಮನೆಯವರಲ್ಲಿ ಇಂದು ಕಷ್ಟದಲ್ಲಿರುವವರಿದ್ದರೆ, ಮೊದಲನೆಯ ತಟ್ಟೆಯು ಅಲ್ಲಿಗೇ ಹೋಗಲಿ. ಎಲ್ಲರ ಕಣ್ಣಿಗೂ ಚಿಕ್ಕದಾಗಿದ್ದ ಬಡ ವಿಧವೆಯ ಎರಡು ಕಾಸನ್ನು ಲೆಕ್ಕಿಸಿದ ಕರ್ತನು ಇದನ್ನೂ ಲೆಕ್ಕಿಸುವನು.

ಮನೆಯಿಲ್ಲದೆ ಹುಟ್ಟಿ, ಮನೆಯಿಲ್ಲದವರಿಗೆ ಮನೆಯಾದ ನಮ್ಮ ರಕ್ಷಕನು ಈ ಹಬ್ಬದಲ್ಲಿ ನಮ್ಮ ಬಾಗಲುಗಳನ್ನೂ ಕೈಗಳನ್ನೂ ತೆರೆಯಲಿ. ಆಮೆನ್.