ಅಮೀರ್‌ಬಾಯಿ ಕರ್ನಾಟಕಿ
ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ, ಅಕ್ಕ ಗೋಹರ್‌ಬಾಯಿಯಂತೆ ಹಾಡಿಕೆಯನ್ನೇ ನಂಬಿ ಮುಂಬಯಿ ಸೇರಿದರು. ಅವರನ್ನು ಮನೆಮಾತಾಗಿಸಿದ್ದು 1943ರ ‘ಕಿಸ್ಮತ್’. ಸಂಗೀತ ಅನಿಲ್ ಬಿಸ್ವಾಸರದು. ಖಾನ್ ಮಸ್ತಾನರೊಡನೆ ಅವರು ಹಾಡಿದ ಗೀತೆ ಪರಕೀಯರನ್ನು ದೂರ ಸರಿಯಿರೆಂದು ಗದರಿಸುತ್ತಿತ್ತು. ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಸೆನ್ಸಾರು ಬಿಟ್ಟಿತು. ಕೇಳಿದವರಿಗೆ ಅದು ಬ್ರಿಟಿಷರಿಗೆಂದು ಹೇಳಬೇಕಾಗಿರಲಿಲ್ಲ! ಕಲ್ಕತ್ತೆಯ ರಾಕ್ಸಿಯಲ್ಲಿ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಮರುವರ್ಷ ನೌಷಾದರ ‘ರತನ್’. ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷವೇ ಹೆಚ್ಚು. ಅವರಿಗೆ ಅಷ್ಟೇ ಸಾಕಾಗಿತ್ತು.

ಹಿಂದಿಯಲ್ಲಿ ಅನ್ನ ಕಂಡರೂ ಹೆಸರಿನೊಡನಿದ್ದ ‘ಕರ್ನಾಟಕಿ’ ಅಳಿಯಲಿಲ್ಲ. 1956ರಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡ ಮನೆಗಳಿಗೆ ಅದರ ಬೆಲೆ ತಿಳಿದೀತು. ಗಳಿಕೆಯಲ್ಲಿ ಅವರು ಬಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ತೀರಿಕೊಂಡದ್ದು 1965ರ ಮಾರ್ಚಿನಲ್ಲಿ.