ವಿದ್ಯಾಶಾಲೆ ಮತ್ತು ಕಾರ್ಖಾನೆ: ಸರ್ ಎಂ. ವಿಶ್ವೇಶ್ವರಯ್ಯನವರು

ಪುಣೆಯ ಕನ್ನಡಿಗರು ಮಕ್ಕಳನ್ನು ಖಡಕ್‌ವಾಸ್ಲಾ ಕಟ್ಟೆಗೆ ಕರೆದೊಯ್ದಾಗ, ಅಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಕಥೆಯನ್ನು ಅಭಿಮಾನದಿಂದ ಹೇಳುವುದುಂಟು. ಕೃಷ್ಣರಾಜಸಾಗರದ ಕಥೆಯಂತೂ ಮನೆಮನೆಯ ಮಾತು. ಆದರೆ ಆ ಮಹನೀಯರು ವಿದ್ಯಾಶಾಲೆಗೂ ಕಾರ್ಖಾನೆಗೂ ನಡುವೆ ಬೆಸೆಯಲೆತ್ನಿಸಿದ ನಂಟನ್ನು ನಾವು ನೆನೆಯುವುದು ಕಡಿಮೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ. ಎ. ಪದವಿ ಪಡೆದರು. ಮುಂದೆ ಇಂಜಿನಿಯರಿಂಗ್ ಕಲಿಯಬೇಕೆಂದರೆ ಅಂದಿನ ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಬಂದರು. ನಮ್ಮಂತೆ ಅವರೂ ಹೊರನಾಡ ಕನ್ನಡಿಗರೇ ಆದರು. 1883ರ ಅಂತಿಮ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿ, ಮುಂದಿನ ವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಮೊದಲ ಸ್ಥಾನ ಪಡೆದ ಈ ತರುಣನಿಗೆ ನಿಜವಾದ ಪಾಠ ಕಾದಿದ್ದುದು ಖಾನದೇಶದ ಪಾಂಝರಾ ನದಿಯಲ್ಲಿ. ನೀರನ್ನು ಕೊಳವೆಯ ಮೂಲಕ ನದಿಯ ಆಚೆಗೆ ದಾಟಿಸುವ ಕೆಲಸವದು. ಮಳೆ ಸುರಿಯಿತು, ಪ್ರವಾಹ ಬಂದು ಮರಳು ತುಂಬಿತು. ಮಳೆಗಾಲ ಕಳೆಯುವವರೆಗೆ ಕೆಲಸ ನಿಲ್ಲಿಸಬಹುದೇ ಎಂದು ಕೇಳಿದಾಗ, ಮೇಲಧಿಕಾರಿಗಳಿಗೆ ಈತನ ಕರ್ತವ್ಯನಿಷ್ಠೆಯಲ್ಲಿಯೇ ಸಂಶಯ ಮೂಡಿತು. ವಿಶ್ವೇಶ್ವರಯ್ಯನವರು ಮರುಮಾತಾಡದೆ ಕೆಲಸಕ್ಕಿಳಿದು ಅದನ್ನು ಪೂರೈಸಿ, ಅವರಿಂದಲೇ ಮೆಚ್ಚುಗೆ ಪಡೆದರು. ಪುಸ್ತಕದ ವಿದ್ಯೆ ಪಕ್ವವಾಗುವುದು ಕೆಲಸದ ಸ್ಥಳದಲ್ಲಿ ಎಂಬುದಕ್ಕೆ ಅವರ ಬಾಳೇ ಮೊದಲ ಸಾಕ್ಷಿಯಾಯಿತು.

1898ರಲ್ಲಿ ಜಪಾನಿಗೆ ಹೋಗಿ, ಅಲ್ಲಿ ಶಿಕ್ಷಣವೂ ಕೈಗಾರಿಕೆಯೂ ಜೊತೆಜೊತೆಯಾಗಿ ಬೆಳೆಯುತ್ತಿದ್ದುದನ್ನು ಕಣ್ಣಾರೆ ಕಂಡರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ತಾವು ಊರು ಬಿಟ್ಟು ಹೋಗಿ ಕಲಿತ ವಿದ್ಯೆ ನಾಡಿನ ಮಕ್ಕಳಿಗೆ ನಾಡಿನಲ್ಲಿಯೇ ದೊರೆಯಲೆಂದು 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಸಿದರು. ಆದರೆ ಕಲಿತವರು ಕೈ ಪಳಗಿಸಿಕೊಳ್ಳುವುದೆಲ್ಲಿ? ಅದೇ ವರ್ಷಗಳಲ್ಲಿ ಗಂಧದೆಣ್ಣೆ, ಸಾಬೂನುಗಳ ಕಾರ್ಖಾನೆಗಳೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯೂ ರೂಪುಗೊಂಡವು. ಕಾಲೇಜಿಲ್ಲದ ಕಾರ್ಖಾನೆ ಪರರ ಕೈಯಲ್ಲಿ ಉಳಿಯುತ್ತದೆ. ಕಾರ್ಖಾನೆಯಿಲ್ಲದ ಕಾಲೇಜು ಬರಿಯ ಗುಮಾಸ್ತರನ್ನು ತಯಾರಿಸುತ್ತದೆ. 1923ರಲ್ಲಿ ನಷ್ಟದಲ್ಲಿದ್ದ ಭದ್ರಾವತಿಯ ಹೊಣೆ ಹೊತ್ತಾಗ ಅವರು ನಾಡಿನ ತರುಣರನ್ನೇ ಮುಂದಕ್ಕೆ ತಂದರು.

ಈ ಚಿಂತನೆ ಮೈಸೂರಿಗೆ ಸೀಮಿತವಾಗಲಿಲ್ಲ. 1921–22ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಅವರೇ ಅಧ್ಯಕ್ಷರು. ಸದಸ್ಯರಲ್ಲಿ ಒಮ್ಮತ ಮೂಡದೆ ಅಭಿಪ್ರಾಯಗಳು ಇಬ್ಭಾಗವಾದವು. ಆದರೂ ಅವರು ಹಿಡಿದ ಹಾದಿಯನ್ನು ಬಿಡಲಿಲ್ಲ. 1941ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿ ಉದ್ಯಮಿಗಳನ್ನು ಒಂದುಗೂಡಿಸಿದರು. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ 1940ರಲ್ಲಿ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ವಿಭಾಗ ತೆರೆಯಿತು. ಆಗ ಸಂಸ್ಥೆಯ ಆಡಳಿತದ ಅಧ್ಯಕ್ಷತೆ ವಹಿಸಿದ್ದವರು ಇವರೇ.

ಭದ್ರಾವತಿಯ ಸೇವೆಗಾಗಿ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮುಟ್ಟಲಿಲ್ಲ. ಹುಡುಗರು ಕೈಕೆಲಸ ಕಲಿತು ಬದುಕು ಕಟ್ಟಿಕೊಳ್ಳುವ ಸಂಸ್ಥೆಗೆ ಆ ಹಣವನ್ನು ವಿನಿಯೋಗಿಸಬೇಕೆಂದು ಕೋರಿದರು. ಅದಕ್ಕೆ ತಮ್ಮ ಹೆಸರೂ ಬೇಡವೆಂದು ಮಹಾರಾಜರ ಹೆಸರನ್ನು ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಎಂದರೆ ಜನ ಬಲ್ಲ ಎಸ್. ಜೆ. ಪಾಲಿಟೆಕ್ನಿಕ್, ಆ ತ್ಯಾಗದ ಫಲ. ಹೀಗೆ ಕಾರ್ಖಾನೆಯ ಗಳಿಕೆಯೇ ಕಲಿಕೆಯ ಬುನಾದಿಯಾಯಿತು.

1955ರಲ್ಲಿ ಭಾರತರತ್ನ ಅವರನ್ನು ಅರಸಿ ಬಂದಿತು. 1962ರ ಏಪ್ರಿಲ್ 14ರಂದು, ನೂರು ವರ್ಷಗಳ ತುಂಬುಬಾಳನ್ನು ಬಾಳಿ ಅವರು ಕಣ್ಮುಚ್ಚಿದರು.

ಪಿಂಪರಿ–ಚಿಂಚವಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ಎಷ್ಟೋ ಮಂದಿ. ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳೂ ಅಷ್ಟೇ ಮಂದಿ. ರಜೆಯಲ್ಲಿ ಒಂದು ತಿಂಗಳು ಯಂತ್ರದ ಬಳಿ ನಿಂತು ಕಲಿಯುವ ಅವಕಾಶವನ್ನು ಒಂದೊಂದು ಮಗುವಿಗಾದರೂ ನಾವು ದೊರಕಿಸಿಕೊಟ್ಟರೆ, ಈ ರಾಜ್ಯೋತ್ಸವದಂದು ಆ ಹಿರಿಯ ಚೇತನಕ್ಕೆ ಸಲ್ಲಿಸುವ ಹಾರಕ್ಕಿಂತ ಅದು ಮಿಗಿಲಾದೀತು.